ಕೊಟೇಶನ್ ಬಿಚ್ಚುವ ಮೊದಲು ಬೀರು ತೆಗೆಯಿರಿ

ಆಲೂರು, ಸಕಲೇಶಪುರ ಸೀಮೆಯ ಪತ್ತಿನ ಸಹಕಾರಿಗಳು, ಸೌಹಾರ್ದಗಳು ಮತ್ತು ಸಹಕಾರ ಬ್ಯಾಂಕುಗಳ ಸಾಲ ಉಪಸಮಿತಿಯ ಸದಸ್ಯರಿಗೆ,

ನಿಮ್ಮಲ್ಲಿ ಕೆಲವರ ಮೇಜಿನ ಮೇಲೆ ಈಗ ಬೆಂಗಳೂರಿನಿಂದ ಬಂದ ಕೊಟೇಶನ್‌ಗಳಿವೆ. ಸಾಲ ಕೇಳಿದವರ ಬ್ಯಾಲೆನ್ಸ್ ಶೀಟು, ಲಾಭ-ನಷ್ಟದ ತಃಖ್ತೆ, ಜಿಎಸ್‌ಟಿ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು ಇಷ್ಟನ್ನೂ ಹಾಕಿದರೆ ಅನುಪಾತ ತೆಗೆದು, ಗ್ರಾಫ್ ಬರೆದು, ಕೊನೆಗೊಂದು ಅಂಕ ಕೊಡುವ ತಂತ್ರಾಂಶ. ಮಾರುವವರು ಪ್ರೊಜೆಕ್ಟರ್ ಹಾಕಿ ತೋರಿಸಿ ಹೋಗಿದ್ದಾರೆ. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ ಹೊಳೆದದ್ದನ್ನು ನೋಡಿ ನಿರ್ದೇಶಕರು ತಲೆದೂಗಿದ್ದಾರೆ. ಮೂರು ಕೊಟೇಶನ್ ತರಿಸಿ ಕಡಿಮೆ ಹಾಕಿದವರಿಗೆ ಕೊಟ್ಟುಬಿಡೋಣ ಎಂಬ ಮಾತು ನಡೆದಿದೆ ಎಂದೂ ಕೇಳಿದೆ. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಇಂಥ ಕಾಗದಗಳ ನಡುವೆಯೇ ನೌಕರಿ ಮುಗಿಸಿ ಊರಿಗೆ ಬಂದು ಕೂತವನು ನಾನು. ಯಾರೂ ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ: ಕೊಟೇಶನ್ ಬಿಚ್ಚುವ ಮೊದಲು ನಿಮ್ಮ ಹಳೇ ಬೀರು ತೆಗೆಯಿರಿ.

ಪ್ರತಿ ಸಂಘದಲ್ಲೂ ಅಂಥದ್ದೊಂದು ಬೀರು ಇದೆ. ಅದರ ಕೆಳಗಿನ ಅರೆಯಲ್ಲಿ ಸುಸ್ತಿಯಾದ ಸಾಲದ ಕಡತಗಳು. ಮೇಲ್ಗಡೆ ನೋಟಿಸು, ದಾವಾ, ಅವಾರ್ಡು, ಅಮಲ್ಜಾರಿ ಕಾಗದ. ಟ್ಯಾಗು ಬಿಚ್ಚಿ ಕೆಳಕ್ಕೆ ಹೋದರೆ ಸಾಲ ಮಂಜೂರಾಗುವಾಗ ತೆಗೆದುಕೊಂಡ ಮೂರು ವರ್ಷದ ಬ್ಯಾಲೆನ್ಸ್ ಶೀಟು ಇದ್ದೇ ಇರುತ್ತದೆ. ಆ ಸಾಲ ಯಾಕೆ ಮುಳುಗಿತು ಅನ್ನುವುದು ಇವತ್ತು ನಿಮಗೆ ಗೊತ್ತು. ಅಂದು ಕೊಟ್ಟ ಕಾಗದವನ್ನಷ್ಟೇ ಇವತ್ತು ಈ ತಂತ್ರಾಂಶದ ಕೈಗೆ ಕೊಟ್ಟರೆ ಅದು ಏನು ಹೇಳುತ್ತದೆ? ಪರೀಕ್ಷೆ ಇಷ್ಟೇ. ಇದಕ್ಕಿಂತ ಅಗ್ಗದ್ದೂ ಇಲ್ಲ, ಕಠಿಣವಾದದ್ದೂ ಇಲ್ಲ.

ಸುಸ್ತಿ ಕಡತ ನಾಲ್ಕೈದು ತೆಗೆದುಕೊಳ್ಳಿ. ಚೆನ್ನಾಗಿ ತೀರುವಳಿಯಾದ ಒಂದೆರಡನ್ನು ಅದರೊಳಗೆ ಬೆರೆಸಿ. ಸಾಧ್ಯವಾದರೆ ಇನ್ನೊಂದು ಬಗೆಯ ಕಡತವನ್ನೂ ಹುಡುಕಿ: ನೀವು ಕೊಡುವುದಿಲ್ಲ ಎಂದು ವಾಪಸು ಕಳಿಸಿದ, ಆಮೇಲೆ ಬೇರೆ ಕಡೆ ಸಾಲ ಪಡೆದು ಇವತ್ತು ಚೆನ್ನಾಗಿ ನಡೆಸುತ್ತಿರುವವರದ್ದು. ಹೆಸರು, ಪ್ಯಾನ್, ಸರ್ವೆ ನಂಬರು ಮುಚ್ಚಿ ಜೆರಾಕ್ಸ್ ಮಾಡಿಸಿ. ಯಾವುದು ಮುಳುಗಿದ್ದು, ಯಾವುದು ತೇಲಿದ್ದು ಎಂಬ ಸುಳಿವು ಮಾರುವವರಿಗೆ ಕೊಡಬೇಡಿ. ಟೈಪ್ ಮಾಡಲು ಅವರ ಹುಡುಗರನ್ನೂ ಕೂರಿಸಬೇಡಿ. ನಾಳೆ ದಿನಾ ಈ ಕೆಲಸ ಮಾಡಬೇಕಾದ ನಿಮ್ಮ ಗುಮಾಸ್ತರೇ ಕೂರಲಿ. ಡೆಮೊದಲ್ಲಿ ಅವರು ತೋರಿಸುವುದು ಯಾವುದೋ ದೊಡ್ಡ ಕಂಪನಿಯ ಅಚ್ಚುಕಟ್ಟಾದ ಪಿಡಿಎಫ್. ನಿಮ್ಮ ಹತ್ತಿರ ಬರುವುದು ಸೀಲು ಅಂಕಿಯ ಮೇಲೇ ಬಿದ್ದ, ಒಂದು ಪುಟ ರೂಪಾಯಿಯಲ್ಲೂ ಇನ್ನೊಂದು ಪುಟ ಲಕ್ಷದಲ್ಲೂ ಇರುವ, ಓರೆಯಾಗಿ ಸ್ಕ್ಯಾನ್ ಆದ ಹಾಳೆ. ಅಂಥ ಹಾಳೆಯನ್ನು ಅದು ಹೇಗೆ ಓದುತ್ತದೆ, ಎರಡೂ ಬದಿಯ ಮೊತ್ತ ತಾಳೆಯಾಗದಿದ್ದರೆ ಮುಂದಕ್ಕೆ ಬಿಡುತ್ತದೆಯೋ ತಡೆದು ನಿಲ್ಲಿಸುತ್ತದೆಯೋ ಅನ್ನುವುದು ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ.

ಅನುಪಾತ ಲೆಕ್ಕ ಹಾಕುವುದರಲ್ಲಿ ಯಾವ ತಂತ್ರಾಂಶವೂ ತಪ್ಪುವುದಿಲ್ಲ. ಭಾಗಾಕಾರ ಯಂತ್ರಕ್ಕೆ ಕಷ್ಟವಲ್ಲ. ಕಷ್ಟ ಇರುವುದು ಯಾವ ಅಂಕಿಯನ್ನು ಯಾವ ತಲೆಬರಹದ ಕೆಳಗೆ ಇಡಬೇಕು ಅನ್ನುವಲ್ಲಿ. ಒಂದು ಉದಾಹರಣೆ ನೋಡಿ. ಕಾಫಿ, ಮೆಣಸು ಕೊಂಡು ಮಾರುವ ಒಂದು ಅಂಗಡಿ ಎಂದಿಟ್ಟುಕೊಳ್ಳಿ. ದಾಸ್ತಾನು ₹70 ಲಕ್ಷ, ಬರಬೇಕಾದ ಬಾಕಿ ₹40 ಲಕ್ಷ, ಕೈಯಲ್ಲೂ ಬ್ಯಾಂಕಲ್ಲೂ ₹10 ಲಕ್ಷ. ಒಟ್ಟು ಚಾಲ್ತಿ ಆಸ್ತಿ ₹1.20 ಕೋಟಿ. ಸಿಸಿ ಸಾಲವೂ ಸೇರಿ ಚಾಲ್ತಿ ಜವಾಬ್ದಾರಿ ₹85 ಲಕ್ಷ. ಭಾಗಿಸಿದರೆ ಕರೆಂಟ್ ರೇಷಿಯೊ 1.41. 1975ರ ಟಂಡನ್ ಸಮಿತಿಯ ಕಾಲದಿಂದ ಬ್ಯಾಂಕುಗಳು ನೋಡುತ್ತ ಬಂದ 1.33ಕ್ಕಿಂತ ಮೇಲೇ ಇದೆ. ಹಸಿರು ಬಣ್ಣ.

ಈಗ ಬಾಕಿದಾರರ ಪಟ್ಟಿ ಕೇಳಿ. ₹40 ಲಕ್ಷದಲ್ಲಿ ₹25 ಲಕ್ಷ ವರ್ಷ ದಾಟಿದ ಬಾಕಿ. ಬರುವ ಭರವಸೆ ಕೊಟ್ಟವರಿಗೂ ಇಲ್ಲ. ಅದನ್ನು ಚಾಲ್ತಿ ಆಸ್ತಿಯಿಂದ ತೆಗೆಯಬೇಕು. ಇನ್ನೊಂದು ಬದಿಯಲ್ಲಿ ದೀರ್ಘಾವಧಿ ಸಾಲ ಎಂದು ತೋರಿಸಿದ ₹15 ಲಕ್ಷದ ‘ಅನ್‌ಸೆಕ್ಯೂರ್ಡ್ ಲೋನು’ ಏನೆಂದು ವಿಚಾರಿಸಿದರೆ ಊರಲ್ಲಿ ಎತ್ತಿದ ಕೈಸಾಲ. ಯುಗಾದಿಗೋ ಮಗಳ ಮದುವೆಗೋ ಕೇಳಿದರೆ ಮಾರನೇ ದಿನವೇ ಕೊಡಬೇಕಾದದ್ದು. ಅದು ಚಾಲ್ತಿ ಜವಾಬ್ದಾರಿಗೆ ಬರಬೇಕು. ಮೇಲೆ ₹95 ಲಕ್ಷ, ಕೆಳಗೆ ₹1 ಕೋಟಿ. ಅನುಪಾತ 0.95. ಅದೇ ಅಂಗಡಿ, ಅದೇ ಮಾರ್ಚ್ 31, ಅದೇ ಕಾಗದ. ತಂತ್ರಾಂಶ ನಿಮ್ಮ ಗುಮಾಸ್ತರನ್ನು ಈ ಎರಡು ಪ್ರಶ್ನೆ ಕೇಳದೆ ಮುಂದಕ್ಕೆ ಬಿಟ್ಟರೆ ಅದರ ಹಸಿರು ಬಣ್ಣಕ್ಕೆ ಬೆಲೆಯಿಲ್ಲ. ಹೀಗೆ ಅಂಕಿ ಸರಿಸಿದಾಗ ಯಾರು ಸರಿಸಿದರು, ಯಾವತ್ತು, ಯಾವ ಕಾರಣಕ್ಕೆ ಅನ್ನುವುದು ಅಳಿಸಲಾಗದಂತೆ ದಾಖಲಾಗಬೇಕು. ಪರದೆಯ ಮೇಲಿನ ಯಾವ ಅಂಕಿಯನ್ನು ಮುಟ್ಟಿದರೂ ಅದು ಬಂದ ಮೂಲ ಹಾಳೆ ತೆರೆದುಕೊಳ್ಳಬೇಕು. ಈ ಎರಡು ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ತೋಟದ ಮರುಮೌಲ್ಯಮಾಪನ ಇನ್ನೊಂದು ಕೈಚಳಕ. ಅಜ್ಜನ ಕಾಲದ ಜಮೀನು ಪುಸ್ತಕದಲ್ಲಿ ₹3 ಲಕ್ಷಕ್ಕೆ ಇರುತ್ತದೆ. ಸಾಲ ಬೇಕಾದ ವರ್ಷ ಅದು ಇದ್ದಕ್ಕಿದ್ದಂತೆ ₹2 ಕೋಟಿ ಆಗುತ್ತದೆ, ವ್ಯತ್ಯಾಸ ಬಂಡವಾಳಕ್ಕೆ ಸೇರುತ್ತದೆ. ₹30 ಲಕ್ಷ ಸ್ವಂತ ಬಂಡವಾಳ, ₹1.20 ಕೋಟಿ ಹೊರಗಿನ ಸಾಲ ಇದ್ದವರ ಸಾಲ-ಬಂಡವಾಳದ ಅನುಪಾತ 4 ಇತ್ತು; ಈ ಒಂದು ಜರ್ನಲ್ ಎಂಟ್ರಿಯಿಂದ 0.5ರ ಹತ್ತಿರಕ್ಕೆ ಇಳಿಯಿತು. ಒಂದು ಪೈಸೆ ಒಳಗೆ ಬಂದಿಲ್ಲ. ಮರುಮೌಲ್ಯದ ಮೊತ್ತವನ್ನು ತಾನಾಗಿಯೇ ಕಳೆದು ನಿವ್ವಳ ಬಂಡವಾಳ ತೋರಿಸುತ್ತದೆಯೇ ಎಂದು ನೋಡಿ. ಆಸ್ತಿಗೆ ಬೆಲೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದನ್ನು ಅಡಮಾನದ ಕಾಲಮ್ಮಿನಲ್ಲಿ ನೋಡೋಣ, ಮರುಪಾವತಿಯ ಶಕ್ತಿ ಎಂದು ಎಣಿಸುವುದು ಬೇಡ.

ಇಲ್ಲಿಯವರೆಗೆ ಹೇಳಿದ್ದು ಹುಬ್ಬಳ್ಳಿಗೂ ಒಪ್ಪುತ್ತದೆ, ಮಂಗಳೂರಿಗೂ ಒಪ್ಪುತ್ತದೆ. ನಮ್ಮ ಸೀಮೆಯದೇ ಆದ ತೊಡಕು ಬೇರೆ ಇದೆ. ಬೆಂಗಳೂರಿನಲ್ಲಿ ಕೂತು ಬರೆದ ತಂತ್ರಾಂಶಕ್ಕೆ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್. ನಮ್ಮಲ್ಲಿ ಅರಾಬಿಕಾ ಕುಯ್ಲು ನವೆಂಬರಿಗೆ ಶುರುವಾದರೆ ರೊಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್. ಮಾರ್ಚ್ 31 ಅಂದರೆ ಚೆರಿ ಇನ್ನೂ ಕಣದಲ್ಲಿ, ಗೋದಾಮಿನಲ್ಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇರುವ ದಿನ. ವರ್ಷದಲ್ಲೇ ಅತಿ ಹೆಚ್ಚು ದಾಸ್ತಾನು ಇರುವ ದಿನವನ್ನು ಹಿಡಿದು ವರ್ಷದ ಆರೋಗ್ಯ ಅಳೆಯುತ್ತೇವೆ. ಅದೇ ಅಂಗಡಿಯನ್ನು ಸೆಪ್ಟೆಂಬರಿನಲ್ಲಿ ನೋಡಿದರೆ ಬೇರೆಯದೇ ಚಿತ್ರ. ಕಾಫಿ ಬೋರ್ಡು ಬೆಳೆಯ ವರ್ಷವನ್ನು ಅಕ್ಟೋಬರ್‌ನಿಂದ ಲೆಕ್ಕ ಹಾಕುವುದು ಸುಮ್ಮನೆ ಅಲ್ಲ. ತೋಟಕ್ಕೆ ದುಡ್ಡು ಬರುವುದು ವರ್ಷದಲ್ಲಿ ಮೂರ್ನಾಲ್ಕು ತಿಂಗಳು. ಕೂಲಿ ಕೊಡುವುದು ವಾರವಾರ. ತಿಂಗಳುವಾರು ಹಣದ ಹರಿವು ತುಂಬಲು ಜಾಗವಿಲ್ಲದ, ಕಂತನ್ನು ಕುಯ್ಲಿನ ತಿಂಗಳಿಗೆ ಜೋಡಿಸಿ ಲೆಕ್ಕ ಹಾಕಲು ಬಾರದ ತಂತ್ರಾಂಶ ಚೆನ್ನಾಗಿ ನಡೆಯುವ ತೋಟವನ್ನೂ ಕೆಂಪು ತೋರಿಸುತ್ತದೆ. ಅರಾಬಿಕಾ ಒಂದು ವರ್ಷ ಹಿಡಿದರೆ ಮರುವರ್ಷ ಕೈಕೊಡುವ ಗಿಡ. ‘ಹೋದ ವರ್ಷಕ್ಕಿಂತ ಆದಾಯ ಶೇಕಡಾ 35 ಕುಸಿತ’ ಎಂದು ಎಚ್ಚರಿಕೆ ಗಂಟೆ ಬಾರಿಸುವ ಯಂತ್ರಕ್ಕೆ ಅದು ಗೊತ್ತಿರುವುದಿಲ್ಲ. ಎರಡೆರಡು ವರ್ಷದ ಸರಾಸರಿ ಹಾಕಿ ಹೋಲಿಸುವ ಅವಕಾಶ ಇದೆಯೇ ಎಂದು ಕೇಳಿ. ಮಾರುವವರು ‘ಕಸ್ಟಮೈಸ್ ಮಾಡಿಕೊಡ್ತೀವಿ ಸರ್’ ಅನ್ನುತ್ತಾರೆ. ಮಾಡಿ ತೋರಿಸಿದ ಮೇಲೆ ಮುಂಗಡ ಕೊಡಿ.

ಇದಕ್ಕಿಂತ ದೊಡ್ಡ ಮೋಸಗಾರ ಧಾರಣೆ. 2020ರಲ್ಲಿ ಲಂಡನ್ ಪೇಟೆಯಲ್ಲಿ ಟನ್ನಿಗೆ ಒಂದೂವರೆ ಸಾವಿರ ಡಾಲರಿಗಿಂತ ಕೆಳಗಿದ್ದ ರೊಬಸ್ಟಾ 2024ರ ಸೆಪ್ಟೆಂಬರಿನಲ್ಲಿ ಐದು ಸಾವಿರ ದಾಟಿತು. ನಮ್ಮೂರ ಬೆಳೆಗಾರರ ಮುಖದಲ್ಲಿ ಬಹಳ ಕಾಲದ ಮೇಲೆ ಕಳೆ ಬಂತು, ಸಂತೋಷ. ಆದರೆ ಸಾಲದ ಕಡತಕ್ಕೆ ಇದೇನು ಮಾಡಿತು ನೋಡಿ. ಕೆಜಿಗೆ ₹80 ಇದ್ದಾಗ 100 ಟನ್ ಚೆರಿ ವ್ಯಾಪಾರ ಮಾಡಿದವರ ವಹಿವಾಟು ₹80 ಲಕ್ಷ. ₹200 ಆದಾಗ ಅವರ ಕೈಯಲ್ಲಿ 80 ಟನ್ ಅಷ್ಟೇ ಕೊಳ್ಳಲು ಆಯಿತು, ವಹಿವಾಟು ₹1.60 ಕೋಟಿ. ವ್ಯಾಪಾರ ಐದರಲ್ಲಿ ಒಂದು ಪಾಲು ಇಳಿದಿದೆ, ಗ್ರಾಫ್ ಮಾತ್ರ ದುಪ್ಪಟ್ಟು ಬೆಳವಣಿಗೆ ತೋರಿಸುತ್ತದೆ. ಸಣ್ಣ ಉದ್ದಿಮೆಗಳಿಗೆ ದುಡಿಯುವ ಬಂಡವಾಳ ಎಷ್ಟು ಕೊಡಬೇಕೆಂದು 1990ರ ದಶಕದ ಶುರುವಿನಲ್ಲಿ ಪಿ. ಆರ್. ನಾಯಕ್ ಸಮಿತಿ ಹಾಕಿಕೊಟ್ಟ ಸೂತ್ರ ವಹಿವಾಟಿನ ಶೇಕಡಾ 20. ಅದರಂತೆ ₹16 ಲಕ್ಷದ ಮಿತಿ ₹32 ಲಕ್ಷ ಆಗುತ್ತದೆ. ಏರಿದ ದರದಲ್ಲಿ ಸರಕು ಕೊಳ್ಳಲು ಅಷ್ಟು ಹಣ ನಿಜವಾಗಿಯೂ ಬೇಕಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬೆಳವಣಿಗೆ ಎಂದು ಹೊಗಳಿ ಕೊಡುವುದು ಬೇರೆ, ದರದ ಅಪಾಯ ಹೊರುತ್ತಿದ್ದೇವೆ ಎಂದು ತಿಳಿದು ಕೊಡುವುದು ಬೇರೆ. ಗೋದಾಮಿನಲ್ಲಿ 30 ಟನ್ ಇಟ್ಟುಕೊಂಡವರಿಗೆ ₹200ರ ದರ ₹150ಕ್ಕೆ ಇಳಿದರೆ ಒಂದು ಮೂಟೆ ಮಾರದೆಯೂ ₹15 ಲಕ್ಷ ಹೋಯಿತು.

ಆದ್ದರಿಂದ ರೂಪಾಯಿಯ ಪಕ್ಕದಲ್ಲಿ ತೂಕದ ಕಾಲಮ್ಮು ಬೇಕು. ಮೂಟೆ, ಟನ್, ಔಟ್‌ಟರ್ನ್. ದರವನ್ನು ಶೇಕಡಾ 30 ಇಳಿಸಿದರೆ ಏನಾಗುತ್ತದೆಂದು ಒಂದು ಗುಂಡಿ ಒತ್ತಿ ನೋಡಲು ಬರಬೇಕು. ಶುಂಠಿಗಂತೂ ಇದು ಇನ್ನೂ ಹೆಚ್ಚು ಬೇಕು. ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಕಡೆ ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿ ಒಂದು ವರ್ಷ ಕಾರು ಕೊಂಡು ಮರುವರ್ಷ ಅದೇ ಕಾರು ಮಾರಿದವರು ನಿಮಗೆಲ್ಲ ಗೊತ್ತಿರುವವರೇ.

ಮುಂದಿನದು, ಒಬ್ಬರೇ ಸಾಲಗಾರರು ನಾಲ್ಕು ಹೆಸರಿನಲ್ಲಿ ಬರುವ ವಿಷಯ. ಅಣ್ಣನದು ಟ್ರೇಡರ್ಸ್, ತಮ್ಮನದು ಹೋಂಸ್ಟೇ, ಹೆಂಡತಿಯ ಹೆಸರಲ್ಲಿ ಗೊಬ್ಬರದ ಅಂಗಡಿ, ಅವಿಭಕ್ತ ಕುಟುಂಬದ ಹೆಸರಲ್ಲಿ ತೋಟ. ನಾಲ್ಕಕ್ಕೂ ಬೇರೆ ಬೇರೆ ಬ್ಯಾಲೆನ್ಸ್ ಶೀಟು, ಒಂದರ ಬಾಕಿ ಇನ್ನೊಂದರ ಆಸ್ತಿ. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ಗಟ್ಟಿ. ಒಟ್ಟಿಗೆ ಹಾಕಿ ಒಳಗೊಳಗಿನ ಕೊಡುಕೊಳೆ ಕಳೆದರೆ ಉಳಿಯುವುದು ತೋಟ ಒಂದೇ. ಇದರ ದೊಡ್ಡ ರೂಪವನ್ನು ಕಾಫಿ ನಾಡಿನವರಾದ ನಾವು ನೋವಿನಿಂದಲೇ ಓದಿದ್ದೇವೆ. ಕಾಫಿ ಡೇ ಸಮೂಹದ ಲೆಕ್ಕಗಳ ಬಗ್ಗೆ 2020ರ ಜುಲೈನಲ್ಲಿ ಹೊರಬಂದ ತನಿಖಾ ವರದಿ, ಕಂಪನಿಯ ಅಂಗಸಂಸ್ಥೆಗಳಿಗೆ ಪ್ರವರ್ತಕರ ಖಾಸಗಿ ಸಂಸ್ಥೆಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಬರಬೇಕಾದದ್ದು ₹3,535 ಕೋಟಿ ಎಂದಿತು. ಒಂದೊಂದೇ ಕಂಪನಿಯ ಪುಸ್ತಕ ಹಿಡಿದು ಕೂತರೆ ಅಂಥದ್ದು ಕಣ್ಣಿಗೆ ಬೀಳುವುದು ಕಷ್ಟ.

ನಗರ ಸಹಕಾರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2020ರ ಮಾರ್ಚಿನಲ್ಲಿ ಮಿತಿ ಹಾಕಿದ್ದೂ ಇದೇ ಕಾರಣಕ್ಕೆ. ಒಬ್ಬರಿಗೆ ಟಿಯರ್-1 ಬಂಡವಾಳದ ಶೇಕಡಾ 15, ಒಂದು ಗುಂಪಿಗೆ ಶೇಕಡಾ 25. ಅದರಾಚೆ ಸಾಲ ಕೊಡುವಂತಿಲ್ಲ. ಗುಂಪು ಯಾವುದೆಂದು ಗುರುತಿಸಲು ಬಂದರೆ ತಾನೇ ಮಿತಿ ಪಾಲಿಸುವುದು? ಪ್ಯಾನ್, ಮೊಬೈಲ್ ನಂಬರು, ಜಾಮೀನುದಾರರು, ಫ್ರೂಟ್ಸ್‌ನ ಎಫ್‌ಐಡಿ, ಒಂದೇ ಸರ್ವೆ ನಂಬರು ಇವುಗಳಿಂದ ಸಂಬಂಧ ಹಿಡಿಯಬೇಕು. ಹೆಸರನ್ನಷ್ಟೇ ನಂಬಿದರೆ ಕೆಟ್ಟಿರಿ. ಪಹಣಿಯಲ್ಲಿ ಬಿನ್, ಕೋಂ ಸಹಿತ ಕನ್ನಡದಲ್ಲಿ ಇರುವ ಹೆಸರು ಆಧಾರ್‌ನಲ್ಲಿ ಒಂದು ಇಂಗ್ಲಿಷ್ ಸ್ಪೆಲಿಂಗು, ಪ್ಯಾನ್‌ನಲ್ಲಿ ಇನ್ನೊಂದು. ಅಂದಹಾಗೆ, ಹಳೇ ನುಡಿ ಫಾಂಟಿನಲ್ಲಿ ಟೈಪಾದ ಸಂಘದ ದಾಖಲೆಗಳನ್ನು ಯೂನಿಕೋಡಿಗೆ ತಂದುಕೊಳ್ಳದೆ ಯಾವ ಹುಡುಕಾಟವೂ ನಡೆಯುವುದಿಲ್ಲ. ಆ ಕೆಲಸಕ್ಕೆ ತಗಲುವ ಖರ್ಚು ಯಾರದ್ದು ಎಂದು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಸಾಲಕ್ಕೆಂದೇ ಮಾಡಿಸಿದ ಬ್ಯಾಲೆನ್ಸ್ ಶೀಟು. ವ್ಯಾಪಾರಿಗಳಲ್ಲಿ ಅನೇಕರು ಆದಾಯ ತೆರಿಗೆಯ ಅಂದಾಜು ಲಾಭದ ನಿಯಮದಡಿ (1961ರ ಕಾಯ್ದೆಯಲ್ಲಿ 44ಎಡಿ ಕಲಮು) ವಹಿವಾಟಿನ ಶೇಕಡಾ 8ರಷ್ಟೋ, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6ರಷ್ಟೋ ಲಾಭ ಘೋಷಿಸಿ ರಿಟರ್ನು ಹಾಕುವವರು. ಲೆಕ್ಕದ ಪುಸ್ತಕ ಇಡುವ ಗೋಜೇ ಅವರಿಗಿಲ್ಲ. ಕಾನೂನು ಬಿಟ್ಟುಕೊಟ್ಟಿದೆ, ತಪ್ಪೇನೂ ಅಲ್ಲ. ಹಾಗಿದ್ದಾಗ ಬ್ಯಾಂಕಿಗೆ ಕೊಟ್ಟ ನಾಲ್ಕು ಪುಟದ ಬ್ಯಾಲೆನ್ಸ್ ಶೀಟು ಹುಟ್ಟಿದ್ದು ಎಲ್ಲಿ? ಹಾಸನದ ಯಾವುದೋ ಆಫೀಸಿನಲ್ಲಿ, ಬೇಕಾದ ಸಾಲದ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ. ಅಂಥ ಕಾಗದದಿಂದ ಅನುಪಾತ ತೆಗೆದು ದಶಮಾಂಶದ ಎರಡನೇ ಸ್ಥಾನದವರೆಗೆ ಚರ್ಚೆ ಮಾಡುವುದು ವ್ಯರ್ಥ. ಲೆಕ್ಕಪರಿಶೋಧಕರ ಸಹಿ ಇದ್ದರೆ ಯುಡಿಐಎನ್ ಎಂಬ 18 ಅಂಕಿಯ ಸಂಖ್ಯೆ ಇರಲೇಬೇಕು. 2019ರಿಂದ ಅದು ಕಡ್ಡಾಯ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಇದಕ್ಕೆ ತಂತ್ರಾಂಶ ಬೇಡ, ಎರಡು ನಿಮಿಷ ಸಾಕು. ಎಷ್ಟು ಕಡೆ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಬ್ಯಾಲೆನ್ಸ್ ಶೀಟಿಗಿಂತ ಬ್ಯಾಂಕ್ ಸ್ಟೇಟ್‌ಮೆಂಟು ಹೆಚ್ಚು ಸತ್ಯ ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಾರ್ಚ್ ಕೊನೇ ವಾರ ಅಣ್ಣನ ಖಾತೆಯಿಂದ ತಮ್ಮನ ಖಾತೆಗೆ, ಏಪ್ರಿಲ್ ಮೊದಲ ವಾರ ಅಷ್ಟೇ ಮೊತ್ತ ವಾಪಸು, ಚೆಕ್ ಬೌನ್ಸ್, ಜಿಎಸ್‌ಟಿ ತೋರಿಸಿದ ಮಾರಾಟಕ್ಕೂ ಖಾತೆಗೆ ಬಂದ ಜಮೆಗೂ ಅಜಗಜಾಂತರ. ಇವನ್ನು ಹುಡುಕಿಕೊಡುವುದರಲ್ಲಿ ತಂತ್ರಾಂಶ ಮನುಷ್ಯರಿಗಿಂತ ಚುರುಕು. ವರ್ಷದ ಸ್ಟೇಟ್‌ಮೆಂಟಿನ ಸಾವಿರಾರು ಸಾಲನ್ನು ಸಂಜೆ ಐದು ಗಂಟೆಗೆ ಓದುವ ಗುಮಾಸ್ತರಿಂದ ಆಗದ ಕೆಲಸ ಅದು. ಇಡೀ ಪೊಟ್ಟಣದಲ್ಲಿ ಒಂದೇ ಒಂದು ಭಾಗ ಕೊಳ್ಳುವಷ್ಟು ದುಡ್ಡಿದ್ದರೆ ಈ ಭಾಗವನ್ನು ಕೊಳ್ಳಿ.

ಸಣ್ಣ ಬೆಳೆಗಾರರ ಬೆಳೆ ಸಾಲಕ್ಕೆ ಮಾತ್ರ ಇದಾವುದೂ ಬೇಕಿಲ್ಲ. ಐದು ಎಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು ಇರುವವರಿಗೆ ಬ್ಯಾಲೆನ್ಸ್ ಶೀಟು ಎಲ್ಲಿಂದ ಬರಬೇಕು? ಪಹಣಿ, ಜಿಲ್ಲಾ ತಾಂತ್ರಿಕ ಸಮಿತಿ ನಿಗದಿ ಮಾಡಿದ ಎಕರೆವಾರು ಸಾಲದ ಪ್ರಮಾಣ, ಹಿಂದಿನ ಸಾಲ ಕಟ್ಟಿದ ರೀತಿ ಇಷ್ಟರಲ್ಲೇ ಬೆಳೆ ಸಾಲ ತೀರ್ಮಾನವಾಗುತ್ತದೆ. ರಾಜ್ಯ ಸರ್ಕಾರ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ₹5 ಲಕ್ಷಕ್ಕೆ ಏರಿಸಿದ ಮೇಲೂ ಅದರ ಕ್ರಮ ಬದಲಾಗಿಲ್ಲ. ಈ ಸಾಲ ಕೆಡುವ ಕಾರಣಗಳೂ ಬ್ಯಾಲೆನ್ಸ್ ಶೀಟಿನಲ್ಲಿ ಇರುವುದಿಲ್ಲ. 2018ರ ಆಗಸ್ಟಿನ ಮಳೆಗೆ ಕಾಯಿ ಉದುರಿದ್ದು, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದದ್ದು, ಆನೆ ಹಿಂಡು ಒಂದೇ ರಾತ್ರಿಗೆ ಬಾಳೆ, ಭತ್ತ, ಗೇಟು, ನೀರಿನ ಪೈಪು ಎಲ್ಲ ತುಳಿದು ಹೋದದ್ದು, ಹೂಮಳೆ ಬಾರದ್ದು. ಇದಕ್ಕೆ ತೋಟಕ್ಕೆ ಹೋಗಿ ನೋಡಿ ಬರುವವರು ಬೇಕು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಇದ್ದ ಬಂಡವಾಳ ಅದೇ, ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಬೆಳೆ ಸಾಲದ ಮಟ್ಟಿಗೆ ಆ ಬಂಡವಾಳ ಇನ್ನೂ ಸವೆದಿಲ್ಲ. ಹಾಗಾಗಿ ಈ ತಂತ್ರಾಂಶವನ್ನು ವ್ಯಾಪಾರ, ಕ್ಯೂರಿಂಗ್, ಹೋಂಸ್ಟೇ, ಸಾರಿಗೆ, ದೊಡ್ಡ ತೋಟದಂಥ ಸಾಲಗಳಿಗೆ ಮಾತ್ರ ಯೋಚಿಸಿ.

ಆಗ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಅಂಥ ಕಡತ ನಿಮ್ಮಲ್ಲಿ ವರ್ಷಕ್ಕೆ ಎಷ್ಟು? ನಲವತ್ತೋ ಐವತ್ತೋ ಆದರೆ ದುಬಾರಿ ತಂತ್ರಾಂಶ ಬೇಕಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬ್ಯಾಂಕುಗಳು ದಶಕಗಳಿಂದ ಬಳಸುತ್ತಿರುವ ಸಿಎಂಎ ನಮೂನೆಗಳು ಆರು. ಈಗಿರುವ ಸಾಲಮಿತಿ, ಲಾಭ-ನಷ್ಟ, ಆಸ್ತಿ-ಜವಾಬ್ದಾರಿಯ ವಿಶ್ಲೇಷಣೆ, ಚಾಲ್ತಿ ಆಸ್ತಿ ಮತ್ತು ಜವಾಬ್ದಾರಿಗಳ ಹೋಲಿಕೆ, ಕೊಡಬಹುದಾದ ಸಾಲದ ಲೆಕ್ಕ, ನಿಧಿಯ ಹರಿವು (ಫಂಡ್ ಫ್ಲೋ). ಒಬ್ಬ ಬಲ್ಲ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಇವನ್ನು ಎಕ್ಸೆಲ್‌ನಲ್ಲಿ ಮಾಡಿಸಿ, ಸೂತ್ರಗಳಿಗೆ ಬೀಗ ಹಾಕಿಸಿ, ಮೇಲೆ ಹೇಳಿದ ತೂಕದ ಕಾಲಮ್ಮು ಸೇರಿಸಿಕೊಂಡರೆ ಮುಕ್ಕಾಲು ಪಾಲು ಕೆಲಸ ಆಯಿತು. ಬದಲಾವಣೆಯ ದಾಖಲೆ ಎಕ್ಸೆಲ್‌ನಲ್ಲಿ ಗಟ್ಟಿಯಾಗಿ ಉಳಿಯುವುದಿಲ್ಲ ಅನ್ನುವುದು ನಿಜ. ಅದಕ್ಕೆ ಪ್ರತಿ ಹಂತದಲ್ಲೂ ಮುದ್ರಿಸಿ ಸಹಿ ಹಾಕಿಸಿ ಕಡತಕ್ಕೆ ಸೇರಿಸುವ ಹಳೇ ಕ್ರಮವೇ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಒಂಟಿಯಾಗಿ ಕೊಳ್ಳಬೇಡಿ. ಎರಡು ತಾಲ್ಲೂಕಿನ ಸಂಸ್ಥೆಗಳು ಒಟ್ಟಾಗಿ ಹೋದರೆ ದರವೂ ಇಳಿಯುತ್ತದೆ, ಮಾತಿಗೂ ತೂಕ ಬರುತ್ತದೆ. ನಗರ ಸಹಕಾರ ಬ್ಯಾಂಕುಗಳಿಗೆ 2024ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎನ್‌ಯುಸಿಎಫ್‌ಡಿಸಿ ಎಂಬ ಛತ್ರಿ ಸಂಸ್ಥೆ ಇರುವುದೇ ಇಂಥ ತಾಂತ್ರಿಕ ನೆರವಿಗೆ. ಅಲ್ಲಿ ಏನು ಸಿಗುತ್ತದೆಂದು ಮೊದಲು ವಿಚಾರಿಸಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳವರಂತೂ ಅವಸರ ಮಾಡಲೇಬೇಡಿ. 63,000 ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತಲ್ಲ, ಆ ರಾಷ್ಟ್ರೀಯ ತಂತ್ರಾಂಶದಲ್ಲಿ ನಿಮ್ಮ ಲೆಕ್ಕ ಸರಿಯಾಗಿ ಕೂತ ಮೇಲೆ ಇದರ ಮಾತು.

ಕರಾರು, ಡೆಮೊಗಳ ಬಗ್ಗೆ ಒಂದೊಂದು ಮಾತು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ತಾಂತ್ರಿಕ ಸೇವೆಯ ಕಂಪನಿಯ ಮೇಲೆ ಸುಲಿಗೆಕೋರ ತಂತ್ರಾಂಶದ ದಾಳಿ ಆಗಿ, ಅದನ್ನು ನೆಚ್ಚಿಕೊಂಡಿದ್ದ ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ತಾತ್ಕಾಲಿಕವಾಗಿ ನಿಂತಿತು. ದಾಳಿಯಾದದ್ದು ಕಂಪನಿಯ ಮೇಲೆ, ಕೌಂಟರಿನಲ್ಲಿ ಗ್ರಾಹಕರಿಗೆ ಉತ್ತರ ಕೊಡಬೇಕಾದವರು ಬ್ಯಾಂಕಿನವರು. ನಿಮ್ಮ ಸಾಲಗಾರರ ಲೆಕ್ಕಪತ್ರ ಯಾರ ಸರ್ವರಿನಲ್ಲಿ ಇರುತ್ತದೆ, ಅದನ್ನು ಯಾರು ನೋಡಬಹುದು, ನಾಳೆ ಈ ಕಂಪನಿ ಬೇಡವೆಂದರೆ ಎಲ್ಲ ದಾಖಲೆಯೂ ಬೇರೆ ಕಡೆ ಬಳಸುವ ರೂಪದಲ್ಲಿ ಎಷ್ಟು ದಿನದೊಳಗೆ ವಾಪಸು ಸಿಗುತ್ತದೆ, ಇವನ್ನು ಬರವಣಿಗೆಯಲ್ಲಿ ಪಡೆಯಿರಿ. ಎರಡನೆಯದು, ಡೆಮೊವನ್ನು ಬೇಸಿಗೆಯಲ್ಲಿ ಹಾಸನದ ಹೋಟೆಲಿನಲ್ಲಿ ನೋಡಬೇಡಿ. ಜುಲೈ ತಿಂಗಳು ಹೆತ್ತೂರು ಕಡೆಯ ಶಾಖೆಯಲ್ಲಿ ಇಡಲು ಹೇಳಿ. ಮೂರು ದಿನ ಕರೆಂಟಿಲ್ಲದೆ, ಮರ ಬಿದ್ದು ಕೇಬಲ್ ತುಂಡಾಗಿ ಇಂಟರ್ನೆಟ್ ಹೋದಾಗ ಅರ್ಧ ತುಂಬಿದ ಹಾಳೆ ಏನಾಗುತ್ತದೆಂದು ಅವರೂ ನೋಡಲಿ.

ಇನ್ನು ಅಂಕದ ವಿಷಯ. ಕೊನೆಗೆ ಬರುವ 72 ಅಥವಾ ‘ಎ ಪ್ಲಸ್’ ಹೇಗೆ ಬಂತೆಂದು ಬಿಡಿಸಿ ತೋರಿಸಲಾಗದಿದ್ದರೆ ಅದನ್ನು ಸಭೆಯ ಮುಂದೆ ಇಡಬೇಡಿ. ಈಚೆಗೆ ಎಐ ಎಂದರೆ ಎಲ್ಲರೂ ಮೆತ್ತಗಾಗುತ್ತಾರೆ. ಸಾಲದ ಟಿಪ್ಪಣಿಯನ್ನು ಅದೇ ಬರೆದುಕೊಡುತ್ತದಂತೆ. ಬರೆಯಲಿ, ಕಾಗುಣಿತವಾದರೂ ಸರಿಯಿರುತ್ತದೆ. ಕೆಳಗೆ ಸಹಿ ಹಾಕಿ ಹೊಣೆ ಹೊರುವವರು ಪೂರ್ತಿ ಓದಿದರೆ ಸರಿ.

ಹಳೇ ಕಡತ ತೆಗೆಯಿರಿ ಎಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಇದನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಮುಜುಗರ ಆಗಬಹುದು. ಸುಸ್ತಿಯಾದ ಕಡತದಲ್ಲಿ ಬ್ಯಾಲೆನ್ಸ್ ಶೀಟಿನ ಹಿಂದೆಯೇ ಅಧಿಕಾರಿಯ ಟಿಪ್ಪಣಿ ಇರುತ್ತದೆ. ಎಷ್ಟೋ ಕಡೆ ಅದರಲ್ಲಿ ಅನುಮಾನ ಬರೆದೇ ಇರುತ್ತಾರೆ: ದಾಸ್ತಾನು ತಾಳೆಯಾಗುತ್ತಿಲ್ಲ, ಬಾಕಿದಾರರ ಪಟ್ಟಿ ಕೊಟ್ಟಿಲ್ಲ, ಹಿಂದಿನ ಸಾಲವನ್ನು ಪುಸ್ತಕದಲ್ಲೇ ಹೊಂದಿಸಿ ನವೀಕರಿಸಲಾಗಿದೆ. ಅದರ ಕೆಳಗೆ ಉಪಸಮಿತಿಯ ಠರಾವು: ‘ಚರ್ಚಿಸಿ ಮಂಜೂರು ಮಾಡಲಾಯಿತು.’ ಏನು ಚರ್ಚಿಸಿದರು? ಎಲ್ಲೂ ಇಲ್ಲ. ಊರಿನ ಅರ್ಧ ಜನಕ್ಕೆ ಗೊತ್ತಿದ್ದ ವಿಷಯ ಠರಾವಿನಲ್ಲಿ ಮಾತ್ರ ಇರುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಹೊರಬಂದದ್ದೇನು? ಒಂದೇ ಬಿಲ್ಡರ್ ಸಮೂಹದ 44 ಸಾಲ ಖಾತೆಗಳನ್ನು ಮುಚ್ಚಿಡಲು 21,049 ಸುಳ್ಳು ಖಾತೆ ಸೃಷ್ಟಿಸಿದ್ದರು. ಕಂಪ್ಯೂಟರ್ ಇಲ್ಲದ ಬ್ಯಾಂಕೇನೂ ಆಗಿರಲಿಲ್ಲ ಅದು. ನಾಲ್ಕು ತಿಂಗಳೊಳಗೆ, 2020ರ ಜನವರಿಯಲ್ಲಿ, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಬಾಗಿಲಲ್ಲಿ ವಯಸ್ಸಾದ ಠೇವಣಿದಾರರು ಸಾಲುಗಟ್ಟಿದರು. ಖಾತೆಯಲ್ಲಿ ಎಷ್ಟೇ ಇದ್ದರೂ ಕೈಗೆ ಸಿಗುವುದು ₹35,000 ಎಂದು ಅಲ್ಲೂ ರಿಸರ್ವ್ ಬ್ಯಾಂಕು ಮಿತಿ ಹಾಕಿತ್ತು.

ಹಾಗಾಗಿ ನಾನು ಕೇಳುವ ಕೊನೆಯ ಸೌಲಭ್ಯ ಯಾವ ಕೊಟೇಶನ್‌ನಲ್ಲೂ ಇರಲಾರದು, ನೀವೇ ಬರೆಸಬೇಕು. ಅಧಿಕಾರಿಯ ಟಿಪ್ಪಣಿಗೆ ವಿರುದ್ಧವಾಗಿ ಸಾಲ ಮಂಜೂರು ಮಾಡಿದರೆ ಕಾರಣ ಬರೆಯುವವರೆಗೆ ಪರದೆ ಮುಂದಕ್ಕೆ ಹೋಗಬಾರದು. ಒಪ್ಪಿದ ನಿರ್ದೇಶಕರ ಹೆಸರು, ಒಪ್ಪದವರ ಹೆಸರು ಎರಡೂ ಅದರಲ್ಲಿ ಉಳಿಯಬೇಕು. ವರ್ಷಕ್ಕೊಮ್ಮೆ ಆ ಪಟ್ಟಿಯನ್ನು, ಸಾಲಗಾರರ ಹೆಸರು ಬಿಟ್ಟು, ಆಡಳಿತ ಮಂಡಳಿಯ ಮುಂದೆ ಇಡಬೇಕು. ಟಿಪ್ಪಣಿ ಮೀರಿ ಕೊಟ್ಟ ಸಾಲಗಳಲ್ಲಿ ಎಷ್ಟು ಚೆನ್ನಾಗಿ ನಡೆದವು ಅನ್ನುವುದೂ ಅಲ್ಲೇ ತಿಳಿಯುತ್ತದೆ. ಕೆಲವು ಸಲ ನಿರ್ದೇಶಕರ ಅಂದಾಜೇ ಸರಿ, ಅಧಿಕಾರಿಯ ಅಂಜಿಕೆಯೇ ತಪ್ಪು ಅಂತಲೂ ಕಾಣಬಹುದು. ಊರ ಮನುಷ್ಯರನ್ನು ಬಲ್ಲ ನಿಮಗೆ ಆ ಸಮಾಧಾನ ಸಿಗಲಿ ಎಂದೇ ಹೇಳುತ್ತಿದ್ದೇನೆ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ತಂತ್ರಾಂಶ ಖರೀದಿ’ ಎಂಬ ವಿಷಯ ಇದ್ದರೆ ಅದರ ಮುಂಚೆ ‘ಪರೀಕ್ಷೆಗೆ ಹಳೇ ಕಡತಗಳ ಆಯ್ಕೆ’ ಎಂದು ಒಂದು ಸಾಲು ಸೇರಿಸಿ. ಕಡತ ಆರಿಸುವವರು ಆ ಸಾಲ ಮಂಜೂರು ಮಾಡಿದ ಸಭೆಯಲ್ಲಿ ಇಲ್ಲದವರಾಗಿರಲಿ. ಆರಿಸಲು, ಹೆಸರು ಮುಚ್ಚಲು, ಗುಮಾಸ್ತರ ಪಕ್ಕ ಕೂತು ಅಂಕಿ ಎಲ್ಲಿ ಇಡಬೇಕೆಂದು ಹೇಳಲು ನಾನು ಬರುತ್ತೇನೆ, ಭತ್ಯೆ ಬೇಡ. ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ ಅವರ ಕೊಟೇಶನ್ ಅಲ್ಲಿಗೇ ಮಡಿಸಿಡಿ.

ಇತಿ ನಿಮ್ಮವನೇ ಆದ
ನಿವೃತ್ತ ಸಾಲ ವಿಭಾಗದ ಅಧಿಕಾರಿ
ಆಲೂರು